ಗಾಜಿನ ಒಳಮೈ

ಸ್ಟೋರಿನ ಪುಸ್ತಕದಲ್ಲಿ ಬರೆದದ್ದು ಹೀಗೆ:
ಗಾಜು ಒರೆಸುವ ಸಾಧನ, ಹಿಡಿಕೆ ಸಮೇತ, ಒಂದು.
ಬಟ್ಟೆ, ಬಿಚ್ಚಿ ಹಾಕುವಂಥದ್ದು, ಆರು.
ಕೆಳಗೆ ನನ್ನ ರುಜು, ಸಕ್ರಿಬಾಯಿ.
'ಬಾ'ದ ದೀರ್ಘ ಪಕ್ಕದ ಕಾಲಮ್ಮಿಗೆ ಚಾಚಿದೆ.

ಆರರಲ್ಲಿ ಈಗ ಐದು.
ಒಂದನ್ನು ಮುಸಿಯ ಎತ್ತಿಕೊಂಡು ತೇಗದ ಮರ ಹತ್ತಿ
ನನ್ನ ಕಣ್ಣೆದುರೇ ಮುಖ ಒರೆಸಿಕೊಂಡಿತು.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ,
'ಹರಿದಿದೆ' ಅಂತ ಬರೆಸಿದ್ದೇನೆ.

ಇದು ಬರುವ ಮೊದಲು ಹಳೇ ಪೇಪರು, ಒಂದು ಬಕೀಟು ನೀರು.
ಡ್ರೈವರ್ ಮುಂದಿನ ಗಾಜಿನ ಬುಡಕ್ಕೆ ಕೈ ಹೋಗದು,
ಮೊಣಕೈ ಸ್ಟೇರಿಂಗಿಗೆ ತಾಗಿ ಹಾರನ್ ಕೂಗಿ
ಬೇಲಿಯಾಚೆ ಜಿಂಕೆಗಳೆಲ್ಲ ಕತ್ತೆತ್ತುತ್ತಿದ್ದವು.
ಇದರ ತಲೆ ಮೂರು ಮೂಲೆ, ಇಸ್ತ್ರಿಪೆಟ್ಟಿಗೆಯ ಮರಿಯ ಹಾಗೆ,
ಕತ್ತು ಮಡಚುತ್ತದೆ, ಎಂಥ ಸಂದಿಗೂ ನುಗ್ಗುತ್ತದೆ.
ಬಟ್ಟೆ ಕೊಳೆಯಾದರೆ ಪರ್ರನೆ ಕಿತ್ತು ಇನ್ನೊಂದು.
ಆ ಸದ್ದು ನನಗೆ ಇಷ್ಟ.

ಎರಡು ಟ್ರಿಪ್ಪಿನ ನಡುವೆ ಹನ್ನೊಂದು ನಿಮಿಷ.
ತ್ಯಾವರೆಕೊಪ್ಪದ ಕಾಡು ಸುತ್ತಿ ವ್ಯಾನು ಬಂದು ನಿಂತರೆ
ಜನ ಇಳಿಯುತ್ತಾರೆ, ಮುಖ ಗಾಜಿನಲ್ಲೇ ಉಳಿದಿರುತ್ತದೆ:
ಮೂಗು, ಮೂಗು, ಹಣೆಯ ಕುಂಕುಮ,
ಹರಳೆಣ್ಣೆ ತಲೆ, ಚಿಪ್ಸಿನ ಖಾರದ ಐದು ಬೆರಳು,
ಕಂಬಿಯಿಂದ ಗೇಣು ಮೇಲೆ ಯಾವುದೋ ಕೂಸಿನ ನಾಲಿಗೆ.

ಒರೆಸುವ ಮೊದಲು ಓದುತ್ತೇನೆ.
ಎಡಗಡೆ ಗಾಜೆಲ್ಲ ಮಬ್ಬಾಗಿ ಬಲಗಡೆ ಹೊಳೆಯುತ್ತಿದ್ದರೆ
ಹುಲಿ ಎಡಕ್ಕೆ ಮಲಗಿತ್ತು.
ಮೂಗಿನ ಗುರುತು ಹಿಂದಕ್ಕೆ ಎಳೆದುಕೊಂಡು ಹೋಗಿದ್ದರೆ
ಎದ್ದು ನಡೆದಿತ್ತು.
ಎರಡೂ ಕಡೆ ಬರೀ ಒರಗಿದ ಎಣ್ಣೆಹಣೆಗಳೇ ಇದ್ದರೆ
ಏನೂ ಕಾಣಲಿಲ್ಲ, ಪಾಪ, ನಿದ್ದೆ ಮಾಡಿದ್ದಾರೆ.
"ಎಡಕ್ಕೆ ತಾನೇ? ನೀವು ಹೊರಡೋವಾಗ ಎದ್ದು ಹೋಯ್ತಾ?" ಅಂದರೆ
ಖಲಂದರಣ್ಣ ಟೀ ಲೋಟ ಕೆಳಗಿಟ್ಟು ನೋಡುತ್ತಾನೆ.

ನೀನು ನೋಡಿಲ್ವಾ ಹುಲಿ, ಅಂತ ಎಲ್ಲರೂ ಕೇಳುತ್ತಾರೆ.
ನೋಡದೆ ಏನು. ಮೂರು ವರ್ಷದ ಕೆಳಗೆ ಒಂದು ಸೀಟು ಖಾಲಿಯಿತ್ತು,
ಹತ್ತಿಸಿಕೊಂಡು ಹೋದರು. ಹುಲಿ ಬಂತು, ಎಲ್ಲರೂ ಓ ಅಂದರು.
ನನಗೆ ಕಂಡದ್ದು ಗಾಜಿನ ಮೂಲೆಯಲ್ಲಿ
ನಾನೇ ಬಿಟ್ಟ ಒಂದು ಗೆರೆ.
ಹುಲಿಯ ಬೆನ್ನಿನ ಮೇಲೆ ಅದೂ ಒಂದು ಪಟ್ಟೆ.

ಹೋದ ಗುರುವಾರದ್ದು ಮಾತ್ರ ಓದಲು ಬರಲಿಲ್ಲ.
ಮೂಗಿಲ್ಲ, ಹಣೆಯಿಲ್ಲ.
ಅಂಗೈಗಳು, ಪೂರ್ತಿ ಬಿಚ್ಚಿದ ಅಂಗೈಗಳು,
ಎರಡೆರಡು ಅಂಗೈಯ ನಡುವೆ ಒಂದೊಂದು ಬಸವನಹುಳು ಕೂತ ಹಾಗೆ.
ಹತ್ತಿರ ಹೋದೆ. ಕಿವಿ.
ಕಿಟಕಿ ತುಂಬ ಕಿವಿ, ಸಣ್ಣ ಸಣ್ಣ ಕಿವಿ,
ಒಂದರಲ್ಲಿ ಓಲೆಯ ತಿರುಪಿನ ಗೀರು.
ಹೊರಗೆ ಶಾಲೆಯ ಮಕ್ಕಳು ಬಿಳಿ ಕೋಲು ಹಿಡಿದು
ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು
ಐಸ್‌ಕ್ರೀಮಿಗೆ ಸಾಲು ನಿಂತಿದ್ದರು.
"ಗುರ್ ಅನ್ಲಿಲ್ಲ ಕಣೇ, ಉಸಿರು ಬಿಡ್ತು, ಅಷ್ಟೇ" ಅಂತ ಒಬ್ಬ.
"ಅದು ಡ್ರೈವರ್ ಅಂಕಲ್ಲು" ಅಂತ ಇನ್ನೊಬ್ಬಳು.

ಹನ್ನೊಂದರಲ್ಲಿ ಏಳು ನಿಮಿಷ ಹೋಗಿತ್ತು.
ಹೊಸ ಬಟ್ಟೆ ಅಂಟಿಸಿದೆ. ಒರೆಸಲಿಲ್ಲ.
ಕೊನೆಯ ಕಿಟಕಿಗೆ ನನ್ನ ಕಿವಿ ಕೊಟ್ಟೆ.
ಗಾಜು ಬೆಚ್ಚಗಿತ್ತು.
ಇಂಜಿನ್ನು ಆರುವ ಟಿಕ್ ಟಿಕ್,
ಆಮೇಲೆ ದೂರದಲ್ಲಿ, ಒಣಗಿದ ತೇಗದೆಲೆಯ ಮೇಲೆ
ಯಾರೋ ಯೋಚಿಸಿ ಯೋಚಿಸಿ ಕಾಲಿಟ್ಟ ಹಾಗೆ.
ಮುಸಿಯವೇ ಇರಬೇಕು.

ಖಲಂದರಣ್ಣ ಹಾರನ್ ಹೊಡೆದ.
ಎಲ್ಲ ಒರೆಸಿದೆ, ನನ್ನದನ್ನೂ ಸೇರಿಸಿ.
ಸಂಜೆ ನಲ್ಲಿ ಕೆಳಗೆ ಬಟ್ಟೆ ಹಿಂಡಿದರೆ
ದಿನದ ಹಾಗೇ ಕಂದು ನೀರು, ಬೇರೆಯೇನಿಲ್ಲ.
ಹಗ್ಗದ ಮೇಲೆ ಐದನ್ನೂ ಹರವಿ
ಒಂದೊಂದಕ್ಕೆ ಎರಡೆರಡು ಕ್ಲಿಪ್ಪು ಹಾಕಿದೆ.
ಮರದ ಮೇಲಿಂದ ಒಬ್ಬರು ನೋಡುತ್ತಿದ್ದರು.