ಹಾಲಿ ಸ್ಥಿತಿಯಲ್ಲಿ

ಚಿಂತಾಮಣಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಹನ್ನೊಂದು ವರ್ಷ ಕ್ರಯಪತ್ರ ಟೈಪು ಮಾಡಿದವಳು ನಾನು.
'ಹಾಲಿ ಇರುವ ಸ್ಥಿತಿಯಲ್ಲಿಯೇ' ಅನ್ನುವ ಸಾಲು
ಬೆರಳಿಗೇ ಗೊತ್ತು, ಕಣ್ಣು ಅತ್ತ ಹೋಗುವುದಿಲ್ಲ.

ಈಗ ಅದೇ ಸಾಲಿನ ಒಳಗೆ ನಿಂತಿದ್ದೇನೆ.
ಕಡಲೆಕಾಯಿ ಮಿಲ್ಲಿನ ಹಿಂದಿನ ಬೀದಿ, ಇಪ್ಪತ್ತು ಮೂವತ್ತರ ಸೈಟು,
ಜೊತೆಗೆ ಪಿಳ್ಳಪ್ಪ ಮೇಸ್ತ್ರಿ.

ಒಂದು ರೂಪಾಯಿ ನಾಣ್ಯ ಹಿಡಿದು
ಗೋಡೆ ಗೋಡೆಗೂ ಬಡಿಯುತ್ತಾನೆ,
ಹಲಸಿನಹಣ್ಣು ತಟ್ಟಿ ಕಿವಿಗೊಡುವ ಹಾಗೆ.
ಅಡುಗೆಮನೆ ಟೊಳ್ಳು. ಸಜ್ಜೆಯ ಕಂಬಿ ತುಕ್ಕು.
ಮಲಗುವ ಕೋಣೆಯ ಮೂಲೆಯಲ್ಲಿ ನಾಣ್ಯವನ್ನೇ
ಬಿರುಕಿಗೆ ತೂರಿಸಿದ, ಅರ್ಧ ಒಳಗೆ ಹೋಯಿತು.
'ಒಂದೂ ಮುಕ್ಕಾಲು ಲಕ್ಷದ ಕೆಲಸ ಐತೆ ಕಣಮ್ಮ,'
ನನ್ನ ಕಿವಿಯಲ್ಲಲ್ಲ, ಅವರಿಗೂ ಕೇಳಲಿ ಅಂತ.

ಜುಲೇಖಾ ಟೀಚರ್ ಟೀ ತಂದರು.
'ಇದ್ದಂಗೆ ತಗೊಳ್ಳೋದಾದ್ರೆ ಬನ್ನಿ ಅಂದಿದ್ನಲ್ಲ.
ಬಿರುಕು ನೋಡೇ ಎರಡು ಲಕ್ಷ ಕಮ್ಮಿ ಹೇಳಿದ್ದು.
ಒಂದೇ ಬಿರುಕಿಗೆ ಎರಡು ಸಲ ದುಡ್ಡು ಬಿಡೋಕಾಗುತ್ತಾ?'

ಒಂದು ಲಕ್ಷ ಅಂದೆ. ಬಿಸ್ಕತ್ತಿನ ತಟ್ಟೆ ಮುಂದೆ ದೂಡಿದರು.
ಎಂಬತ್ತು ಅಂದೆ. ಮಿಲ್ಲಿನ ಸದ್ದು ನಿಂತಿತು, ಊಟದ ಹೊತ್ತು.
ಅರವತ್ತಕ್ಕೆ ಇಳಿಯುವಾಗ ನನ್ನ ದನಿ ನನಗೇ
ಆಫೀಸಿನ ಕಟ್ಟೆಯ ಬ್ರೋಕರನದು ಅನ್ನಿಸಿತು.

ಆಗ ಅವರು ಮೇಸ್ತ್ರಿ ಕಡೆ ತಿರುಗಿ,
'ಒಂದು ಬಿಟ್ಟುಬಿಟ್ರಲ್ಲ ನೀವು' ಎಂದರು.
'ಬಚ್ಚಲ ನೀರು ಹೋಗೋ ಗುಂಡಿ ನಮ್ದಲ್ಲ.
ಪಕ್ಕದ ಅಂಜಿನಪ್ಪನೋರ ಜಾಗ. ಬಾಯಿಮಾತಿನ ಮೇಲೆ
ಇಪ್ಪತ್ತಾರು ವರ್ಷ ನಡೆದಿದೆ.'

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯಬೇಕು, ಗಾದೆಯ ಪ್ರಕಾರ.
ನಾನು ಕೂತೇ ಇದ್ದೆ. ಟೀ ಆರಿತ್ತು.
ಬಾಯಿಮಾತನ್ನು ಷೆಡ್ಯೂಲಿನಲ್ಲಿ ಎಲ್ಲಿ ಬರೆಯುವುದು?
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮಿಲ್ಲಿನ ಗೋಡೆ,
ಉತ್ತರಕ್ಕೆ ಖಾಲಿ ನಿವೇಶನ,
ದಕ್ಷಿಣಕ್ಕೆ ಅಂಜಿನಪ್ಪನವರ ಒಪ್ಪಿಗೆ.

'ಅವರನ್ನೇ ಕೇಳಿ ಬರೋಣ,' ಅಂದೆ, 'ಇಬ್ಬರೂ.'
ಟೀಚರ್ ಸೆರಗು ತಲೆಗೆಳೆದು ಚಪ್ಪಲಿ ಹುಡುಕಿದರು.
ಮೂವತ್ತೈದು ಸಾವಿರಕ್ಕೂ ಸೊನ್ನೆಗೂ ನಡುವೆ
ಮಾತು ಹೊಸ್ತಿಲಲ್ಲೇ ಉಳಿಯಿತು.

ಗೇಟಿನ ಹತ್ತಿರ ಪಿಳ್ಳಪ್ಪ ಜೇಬು ತಡಕಿದ.
ನಾಣ್ಯ ಬಿರುಕಿನಲ್ಲೇ ಇತ್ತು.
'ಇರಲಿ ಬಿಡಿ. ಅದು ಬಿದ್ದ ದಿನ ಹೇಳಿ,
ಗೋಡೆ ಇನ್ನಷ್ಟು ಬಿಟ್ಟೈತೆ ಅಂತ ಲೆಕ್ಕ.'

ಹೇಳಿ ಅಂದದ್ದು ಯಾರಿಗೆಂದು
ನಾವಿಬ್ಬರೂ ಕೇಳಲಿಲ್ಲ.