ಬುಡ ನೋಡಿ ಆರಿಸುವುದು

ಮೇಜಿನ ಮೇಲೆ ಗಾಜಿನ ಹಲಗೆ, ಮೇಲೊಂದು ಬಲ್ಬು.
ಅಚ್ಚಯ್ಯನವರು ಡಬ್ಬಿ ಬಗ್ಗಿಸಿದರೆ
ಇನ್ನೂರು ಸೀಸದ ಗುಂಡು ಗಡಗಡ ಉರುಳಿ
ನನ್ನ ಮುಂದೆ ಬಂದು ನಿಲ್ಲುತ್ತವೆ.
ಮೂತಿಯಿಲ್ಲ ಇವಕ್ಕೆ. ಮೊಂಡು.
ಬಳಪವನ್ನು ಯಾರೋ ಅಡ್ಡಕ್ಕೆ ಕೊಯ್ದಿಟ್ಟ ಹಾಗೆ.

"ನಿಮ್ಮ ಕಣ್ಣಿಗೆ ಬಿಟ್ಟಿದ್ದು ದೇವೀರಮ್ಮ" ಅಂದವರೇ
ಬೀಗದ ಕೈ ಜೇಬಿಗಿಳಿಸಿ ರೇಂಜಿನ ಕಡೆ ನಡೆಯುತ್ತಾರೆ.
ಹೊರಗೆ ಬೆಟ್ಟದ ತಪ್ಪಲು, ಬಂಡೆಗೆ ಬಡಿದು ಬರುವ ಸದ್ದು.

ಈ ಕಣ್ಣು ಶಿವರಾಂಪೇಟೆಯ ಪ್ರೆಸ್ಸಿನದು.
ಇಪ್ಪತ್ತಾರು ವರ್ಷ ಅಚ್ಚಿನ ಮೊಳೆ ಜೋಡಿಸಿದ್ದು:
ಲಗ್ನಪತ್ರಿಕೆ, ಸೊಸೈಟಿ ರಸೀದಿ, ತಿಥಿಯ ಕಾರ್ಡು.
ಒಂದು ಕೊಂಬು ಮುರಿದಿದ್ದರೆ, ಒಂದು ಒತ್ತು ಸವೆದಿದ್ದರೆ
ಪ್ರೂಫಿಗೆ ಮೊದಲೇ ಬೆರಳಿಗೆ ಗೊತ್ತು.

ಮೊದಲು ತಲೆಯ ಅಂಚು.
ಕಾಗದ ಕತ್ತರಿಸುವುದು ಅದೇ ತಾನೇ.
ಮೈಯಲ್ಲಿ ಸುಕ್ಕಿದ್ದರೆ, ಕಾವು ಸಾಲದ ಕಾವಲಿಯ
ಮೊದಲ ದೋಸೆ ಅದು; ಪಕ್ಕಕ್ಕೆ.
ತಕ್ಕಡಿಯಲ್ಲಿ ಒಂದು ಗ್ರೇನು ಹಗುರವೇ,
ಒಳಗೆ ಎಲ್ಲೋ ಗಾಳಿ ಕೂತಿದೆ; ಪಕ್ಕಕ್ಕೆ.
ಆಮೇಲೆ ಬುಡ.
ಎಲ್ಲರೂ ತಲೆ ನೋಡುತ್ತಾರೆ. ದಾರಿ ತೋರಿಸುವುದು ಬುಡ.
ಹಿಂದಿನಿಂದ ಒದೆಯುವ ಬಿಸಿಗಾಳಿ
ಬುಡದ ಒಂದು ಸಣ್ಣ ಹಕ್ಕಳೆಯಲ್ಲಿ ನುಸುಳಿದರೂ ಸಾಕು,
ಇಪ್ಪತ್ತೈದು ಮೀಟರಿನಾಚೆ ಅದು ಬೇರೆ ಊರು.

ನಫೀಸಾ ಟೀಚರಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ.
ತಾಮ್ರದ ಹೊದಿಕೆಯ, ದುಂಡು ಮೂತಿಯ, ಥಳಥಳ ಗುಂಡು
ಒಂದು ಪೊಟ್ಟಣ ತರಿಸಿಕೊಂಡು ಮಂಡ್ಯದ ಪಂದ್ಯಕ್ಕೆ ಹೋದರು.
ದುಂಡು ಮೂತಿ ಕಾಗದವನ್ನು ಕತ್ತರಿಸುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ.
ಹೋದ ಮೇಲೆ ಕಾಗದ, ಏನೂ ಆಗಲಿಲ್ಲವೆಂಬಂತೆ,
ಹರಿದ ಅಂಚನ್ನು ಮುಚ್ಚಿಕೊಳ್ಳುತ್ತದೆ.
ಹತ್ತರ ಗೆರೆ ತಾಗಿತ್ತೋ ಇಲ್ಲವೋ?
ತೀರ್ಪುಗಾರ ಭೂತಗಾಜು ಹಿಡಿದು, ಬಾಗಿ, ನಿಟ್ಟುಸಿರಿಟ್ಟು
ಒಂಬತ್ತು ಬರೆದ.
ಲೆಕ್ಕ ಕಲಿಸುವವರಿಗೆ ಒಂದಂಕದ ನೋವು
ಯಾರೂ ಹೇಳಿಕೊಡಬೇಕಿಲ್ಲ.
ಮರುದಿನ ನನ್ನ ಮೇಜಿನ ಹತ್ತಿರ ನಿಂತು ಕೇಳಿದರು,
"ಆ ಮೊಂಡುಗಳು ಇದಾವಾ?"

ಇದ್ದವು. ಎರಡು ಡಬ್ಬಿ.
ಒಂದು, ಮಂಡಿ ಮೊಹಲ್ಲಾದ ಗುಜರಿಯಿಂದ ತಂದ ಸೀಸದ್ದು.
ನಮ್ಮ ಪ್ರೆಸ್ಸು ಮುಚ್ಚಿದಾಗ ಕೇಜಿ ಲೆಕ್ಕದಲ್ಲಿ ಹೋದದ್ದು.
ಅಚ್ಚಯ್ಯ ಕರಗಿಸಿದ ದಿನ ನಾನೂ ಇದ್ದೆ.
ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಣಲೆಗೆ ಇಣುಕಿದೆ:
ಳ ಮುಳುಗಿತು. ಒಂದು ಕ್ಷದ ಬೆನ್ನು ಕಂಡಿತು, ಹೋಯಿತು.
ಅದರ ಗುಂಡು ಎಷ್ಟು ಚೆಂದ ಬಂತು ಅಂತೀರಿ!
ಅಂಚು ಬ್ಲೇಡು, ಮೈ ಬೆಳ್ಳಿ, ಸುಕ್ಕಿಲ್ಲ.
ಇನ್ನೊಂದು ಡಬ್ಬಿ ಮೆತ್ತನೆ ಸೀಸ, ಬೂದಿ ಬಣ್ಣ,
ಉಗುರು ಒತ್ತಿದರೆ ಗೀರು.

ಕೈ ಬೆಳ್ಳಿಯ ಕಡೆಗೇ ಹೋಯಿತು. ಹೋಗದೆ ಇರುತ್ತದೆಯೇ?

ಹತ್ತು ಹೊಡೆದರು. ಅಂಗೈಯಗಲ ಚೆಲ್ಲಾಡಿತು.
ನಳಿಗೆಯ ಒಳಗೆಲ್ಲ ಸೀಸ ಮೆತ್ತಿ
ಅಚ್ಚಯ್ಯ ಬ್ರಷ್ಷು ತಿಕ್ಕುತ್ತಾ ಗೊಣಗಿದರು:
"ಈ ವೇಗಕ್ಕೆ ಇಷ್ಟು ಗಟ್ಟಿ ಆಗಲ್ಲ ಕಣಮ್ಮ.
ನಳಿಗೆ ಹೇಳಿದ ಹಾಗೆ ಗುಂಡು ಸ್ವಲ್ಪ ಕೇಳಬೇಕು."
ನನ್ನ ಅಕ್ಷರಗಳು. ಲಕ್ಷ ಸಲ ಒತ್ತಿದರೂ
ಮುಖ ಸವೆಯಬಾರದೆಂದೇ ಬೆರೆಸಿದ ಲೋಹ.
ಅವು ಯಾರ ಮಾತು ಕೇಳಿಯಾವು?

ಬೂದಿ ಡಬ್ಬಿ ಬಗ್ಗಿಸಿದೆ. ನಲವತ್ತು ಆರಿಸಿದೆ,
ಬುಡ ನೋಡಿ, ಬುಡ ನೋಡಿ.
ಮತ್ತೆ ಹತ್ತು.
ಟಾರ್ಗೆಟ್ಟು ತಂದಾಗ, ರಸೀದಿಗೆ ಪಂಚ್ ಹೊಡೆದಂತೆ
ದುಂಡನೆ, ಕತ್ತರಿಸಿದ ತೂತುಗಳು.
ಏಳು ಒಂದರೊಳಗೊಂದು. ಎರಡು ಗೆರೆಯ ಮೇಲೆ,
ಭೂತಗಾಜು ಬೇಡದಷ್ಟು ಸ್ಪಷ್ಟ.
ಒಂದು ಮಾತ್ರ ಎಂಟಕ್ಕೆ. "ಅದು ಗುಂಡಿನದಲ್ಲ, ನಂದು"
ಅಂದರು ನಫೀಸಾ.

ಬೆಳ್ಳಿಯಂಥವನ್ನು ಮತ್ತೆ ಡಬ್ಬಿಗೆ ತುಂಬಿ
ಚೀಟಿ ಅಂಟಿಸಿದೆ: ಗಟ್ಟಿ. ಬಳಸಬೇಡಿ.
ಅಕ್ಷರ ಸ್ವಲ್ಪ ಓರೆಯಾಯಿತು. ಕೈಬರಹ ನನಗೆ ಎಂದೂ ಒಗ್ಗಿಲ್ಲ.

ಪ್ರೆಸ್ಸಿನಲ್ಲಿ ಸಂಜೆ ಬೆಲ್ಲದ ಅಚ್ಚು ಕೊಡುತ್ತಿದ್ದರು,
ಸೀಸ ಮೈಗೆ ಹತ್ತದಿರಲಿ ಎಂದು. ಹತ್ತುತ್ತಿತ್ತೋ ಏನೋ.
ಇಲ್ಲಿ ನಲ್ಲಿಯಿದೆ, ಸೋಪಿದೆ.
ಎರಡು ಸಲ ತೊಳೆದೆ, ಉಗುರಿನ ಸಂದಿಯನ್ನೂ.
ಬುತ್ತಿ ಬಿಚ್ಚುವ ಮುನ್ನ
ಇನ್ನೊಂದು ಸಲ.