ನೋದಾರನ ತಂತಿ

ಎಲೆಕ್ಟ್ರಿಷಿಯನ್ ಬದ್ರಿ 'ನಾಳೆ' ಎಂದು
ಹದಿನಾರು ನಾಳೆಗಳಾದವು.
ಹದಿನೇಳನೆಯದಕ್ಕೆ ಕೆಳಮನೆಯಿಂದ ನಾನೇ ಏಣಿ ತಂದೆ.
ತ್ಬಿಲಿಸಿಯ ಗ್ಲದಾನಿಯಲ್ಲಿ, ಒಂಬತ್ತನೆಯ ಮಹಡಿಯಲ್ಲಿ,
ಅಡುಗೆಮನೆಯ ದೀಪ ಕೆಟ್ಟರೆ
ಚಳಿಗಾಲದ ಕತ್ತಲು ಐದಕ್ಕೇ ಬಂದು
ಕುರ್ಚಿ ಎಳೆದುಕೊಂಡು ಕೂರುತ್ತದೆ.

ಅಂಗಡಿಯಲ್ಲಿ ಹಿತ್ತಾಳೆಯದೊಂದು ಚಂದವಿತ್ತು.
ಅದರ ಬಾಲದಲ್ಲಿ ಮೂರು ಎಳೆ:
ಕಂದು, ನೀಲಿ, ಹಳದಿ ಪಟ್ಟೆಯ ಹಸಿರು.
ನಮ್ಮ ಚಾವಣಿಯಲ್ಲಿ ಹಸಿರಿಗೆ ಜೊತೆಯಿಲ್ಲ.
ಈ ಕಟ್ಟಡ ಕಟ್ಟಿದವರು
ನೆಲಕ್ಕಿಳಿಯುವ ತಂತಿಯನ್ನು
ಯಾವ ಮಹಡಿಗೂ ಏರಿಸಲಿಲ್ಲ.
ಲೋಹದ ಮೈ, ಅರ್ತ್ ಇಲ್ಲದ ಮನೆ. ಬೇಡ.
ಪ್ಲಾಸ್ಟಿಕ್ಕಿನದು ಕೊಂಡೆ,
ಚೌಕದೊಳಗೊಂದು ಚೌಕದ ಗುರುತಿನದು.
ನೋಡಲು ಪಾತ್ರೆಯ ಮುಚ್ಚಳ. ಇರಲಿ.

ಟೆಸ್ಟರನ್ನು ಮೊದಲು ಪ್ಲಗ್ಗಿಗೆ ಹಿಡಿದೆ, ಹೊತ್ತಿಕೊಂಡಿತು,
ಅಂದರೆ ಸತ್ಯ ಹೇಳುತ್ತದೆ.
ಮೇನ್ ಇಳಿಸಿದೆ.
ಹವಾಮಾನ ಹೇಳುತ್ತಿದ್ದ ರೇಡಿಯೋ ಬಾಯಿ ಮುಚ್ಚಿತು.
ಪ್ಲಗ್ಗೂ ಸತ್ತಿದೆ. ಸರಿ.
ಏಣಿ ಹತ್ತಿ ಹಳೆಯ ದೀಪದ ಟೋಪಿ ಬಿಚ್ಚಿದೆ.

ಎರಡು ಅಲ್ಯುಮಿನಿಯಂ, ಎರಡೂ ಬಿಳಿ.
ಯಾವುದು ಫೇಸು, ಯಾವುದು ನ್ಯೂಟ್ರಲ್ಲು?
ಬೆಳ್ಳಗಿರುವುದೆಲ್ಲ ಹಾಲಲ್ಲ ಸರಿ,
ಇಲ್ಲಿ ಹಾಲೂ ಬಿಳಿ, ಸುಣ್ಣವೂ ಬಿಳಿ,
ಒಂದೇ ಲೋಟದಲ್ಲಿ.
ಅವುಗಳ ಹಿಂದೆ, ಧೂಳಿನಲ್ಲಿ ಮುದುಡಿ,
ಇನ್ನೊಂದು ಜೋಡಿ, ಕಪ್ಪು, ಹೆಣೆದದ್ದು, ತೆಳ್ಳಗಿನದು.

ಸುಮ್ಮನೆ, ಅಭ್ಯಾಸಕ್ಕೆ, ಟೆಸ್ಟರ್ ತಾಗಿಸಿದೆ.
ಹೊತ್ತಿಕೊಂಡಿತು.

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದ ಲಮಾರಾ
ಏಣಿಯ ಮೇಲೆ ಉಸಿರು ಹಿಡಿದು ನಿಂತಳು.
ಮೇನ್ ಇಳಿದಿದೆ. ನನ್ನ ಮನೆಯಲ್ಲಿ ಎಲ್ಲವೂ ಸತ್ತಿದೆ.
ಹಾಗಾದರೆ ಇದು ಯಾರು?

ಕರೆಂಟು ಇಲ್ಲದ ಆ ವರ್ಷಗಳಲ್ಲಿ,
ಒಲೆಗೆ ಸೀಮೆಎಣ್ಣೆ, ದೀಪಕ್ಕೆ ಮೇಣ,
ಮಕ್ಕಳ ಉತ್ತರಪತ್ರಿಕೆಯ ಮೇಲೆಲ್ಲ ಮಸಿ.
ಪಕ್ಕದ ಮನೆಯ ನೋದಾರ ಹೇಗೋ
ಆಸ್ಪತ್ರೆಯ ಲೈನಿಗೆ ಕೊಕ್ಕೆ ಹಾಕಿದ್ದ.
ಒಂದು ರಾತ್ರಿ ಗೋಡೆ ಕೊರೆದು
ಎರಡೆಳೆ ತೂರಿಸಿ ಆಚೆಯಿಂದ ಕೂಗಿದ:
'ಒಂದು ಬಲ್ಬು ಮಾತ್ರ, ಮೇಷ್ಟ್ರಮ್ಮ!
ಇಸ್ತ್ರಿ ಹಚ್ಚಿದರೆ ಇಬ್ಬರೂ ಕತ್ತಲಲ್ಲಿ!'

ಆಸ್ಪತ್ರೆಯ ಲೈನು ಹೋಯಿತು, ಮೀಟರು ಬಂತು.
ನೋದಾರನೂ ಹೋದ, ಹನ್ನೆರಡು ವರ್ಷದ ಹಿಂದೆ.
ಅವನ ಉಪಕಾರ ಮಾತ್ರ
ಇನ್ನೂ ಇನ್ನೂರಿಪ್ಪತ್ತು ವೋಲ್ಟು.

ಇಳಿದು, ಪಕ್ಕದ ಬಾಗಿಲು ತಟ್ಟಿದೆ.
ಈಗಿನ ಒಡತಿ ಸಲೋಮೆ, ಸೊಂಟದಲ್ಲಿ ಮಗು.
'ನಿಮ್ಮ ಮೇನನ್ನೂ ಸ್ವಲ್ಪ ಇಳಿಸಬೇಕಲ್ಲ' ಎಂದೆ.
ಏಕೆಂದು ಹೇಳಲು ಅರ್ಧ ಗಂಟೆ ಹಿಡಿಯಿತು,
ಅವಳು ಹುಟ್ಟಿದ್ದು ಅದೆಲ್ಲ ಮುಗಿದ ಮೇಲೆ.

ಅವಳ ಬೀರು ಸರಿಸಿದರೆ ಹಿಂದೆ ಒಂದು ಡಬ್ಬಿ,
ಕಪ್ಪು ಜೋಡಿಯ ತಲೆ ಅಲ್ಲೇ.
ಟೆಸ್ಟರ್ ಹಿಡಿದೆ, ಮತ್ತೆ ಹಿಡಿದೆ. ಮೌನ.
ಎಳೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದೆ,
ಅಲ್ಲೂ ಇಲ್ಲೂ ತುದಿಗಳಿಗೆ ಟೋಪಿ ತೊಡಿಸಿದೆ.

ಇನ್ನು ಬಿಳಿಯವು. ಬರಿತುದಿಗಳನ್ನು ದೂರ ದೂರ ಬಾಗಿಸಿ,
ಮೇನ್ ಏರಿಸಿ, ಸ್ವಿಚ್ ಒತ್ತಿ,
ಒಂದು ಕೈ ಬೆನ್ನ ಹಿಂದೆ ಇಟ್ಟು ತಾಗಿಸಿದೆ.
ಎಡದ್ದು ಕೆಂಪಗೆ ನಕ್ಕಿತು.
ಸ್ವಿಚ್ ಆರಿಸಿದರೆ ಅದೂ ತಣ್ಣಗೆ:
ಯಾರೋ ಸರಿಯಾಗಿಯೇ ಮಾಡಿದ್ದಾರೆ.
ಮೇನ್ ಮತ್ತೆ ಇಳಿಸಿ, ಮತ್ತೆ ಪರೀಕ್ಷಿಸಿ,
ಎಡದ್ದರ ಮೈಗೆ ಒಂದು ಚುಕ್ಕೆ ಉಗುರುಬಣ್ಣ.
ಮಗಳ ಮದುವೆಗೆ ಕೊಂಡದ್ದು, ಒಣಗಿರಲಿಲ್ಲ.

ತಾಮ್ರವನ್ನು ಅಲ್ಯುಮಿನಿಯಂಗೆ ಹೆಣೆಯಬಾರದು,
ಒಂದು ಇನ್ನೊಂದನ್ನು ಮೆಲ್ಲಗೆ ತಿನ್ನುತ್ತದೆ.
ಪ್ರತಿ ವರ್ಷ ಎಂಟನೆಯ ತರಗತಿಗೆ ಹೇಳುತ್ತಿದ್ದೆ,
ಪ್ರತಿ ವರ್ಷ ಹಿಂದಿನ ಬೆಂಚು ನಗುತ್ತಿತ್ತು.
ನಡುವೆ ಕನೆಕ್ಟರಿಟ್ಟು ಕಂದನ್ನು ಚುಕ್ಕೆಗೆ,
ನೀಲಿಯನ್ನು ಬಿಳಿಗೆ ಬಿಗಿದೆ. ಎಳೆದು ನೋಡಿದೆ. ಬರಲಿಲ್ಲ.

ಗೋಡೆಗೆ ಬಾಯಿಯಿಟ್ಟು 'ಸಲೋಮೆ, ಹಾಕಮ್ಮ!' ಎಂದು ಕೂಗಿದೆ.
ನಾನೂ ಹಾಕಿದೆ.
ಅಡುಗೆಮನೆ ಬೆಳಗಿತು, ಮೂಲೆಯ ಎಣ್ಣೆಜಿಡ್ಡು ಸಮೇತ.
ರೇಡಿಯೋ ನಾಳೆ ಹಿಮ ಎಂದಿತು.

ಗೋಡೆಯಾಚೆ ಅವಳ ಫ್ರಿಜ್ಜು
ಒಮ್ಮೆ ಕೆಮ್ಮಿ, ಗುಂಯ್‌ಗುಡತೊಡಗಿತು.